ಕೆಂಪು ನೀರು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವಳಿಗೆ ಡಾಕ್ಟರರ ವಿದ್ಯೆ ಗೊತ್ತಿರಲಿಲ್ಲ. ಕೆಳಗೆ ಬರುವ ರಕ್ತ ಗೊತ್ತಿತ್ತು. ತೊಡೆಯ ರಕ್ತನಾಳದಿಂದ ನಳಿಗೆ ತೂರಿಸಿ ಹೃದಯದ ತೂತು ಮುಚ್ಚುವ ಕೋಣೆಯ ಚಾದರಗಳಲ್ಲಿ ಒಂದೆರಡು ಕಲೆ. ಎದೆ ಸೀಳುವ ಕೋಣೆಯವನ್ನು ಹಿಂಡಿದರೆ ಕೆಂಪು ನೀರು.

ಅವಳ ಮಗಳಿಗೂ ಹುಟ್ಟಿನಿಂದಲೇ ಹೃದಯದಲ್ಲಿ ತೂತು. ಎರಡು ವರ್ಷದ ಹಿಂದೆಯೇ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು.

"ನೋಡಮ್ಮಾ, ತೊಡೆಯಿಂದ ಹೋಗಿ ಪುಟ್ಟ ಛತ್ರಿ ಥರದ್ದು ಕೂರಿಸ್ತೀವಲ್ಲ, ಅದು ಹಿಡ್ಕೊಳ್ಳೋಕೆ ತೂತಿನ ಸುತ್ತ ಅಂಚು ಬೇಕು. ನಿನ್ನ ಮಗಳಿಗೆ ಅಂಚೇ ಇಲ್ಲ. ಎದೆ ತೆಗೆದೇ ಹೊಲೀಬೇಕು. ಖರ್ಚು ಸರ್ಕಾರದ್ದು. ತಡ ಮಾಡ್ಬೇಡ."

ಅವಳ ಜೀವ ಬಾಯಿಗೆ ಬಂತು. ಒಂದು ತಿಂಗಳ ರಜೆ ಕೇಳಲು ಒಗೆಯುವವರ ಮೇಸ್ತ್ರಿಯ ಬಳಿ ಹೋದವಳು ಡಾಕ್ಟರಮ್ಮ ಹೇಳಿದ್ದನ್ನೂ ತನ್ನ ಭಯವನ್ನೂ ಹೇಳಿಕೊಂಡಳು. ಮೇಸ್ತ್ರಿಗೆ ಅಷ್ಟೇ ಸಾಕಾಯಿತು.

"ಅಯ್ಯೋ ಅಕ್ಕಾ, ಕೂಸಿನ ಎದೆ ಯಾಕೆ ಸೀಳಿಸ್ತೀಯ? ಅಂಚಿಲ್ಲದಿದ್ರೂ ಕೂರೋ ದೊಡ್ಡ ಛತ್ರಿ ಬರ್ತಿದೆಯಂತೆ. ಎರಡು ದಿನದಲ್ಲಿ ಮನೆಗೆ. ಒಳಗೆ ನಾನು ಮಾತಾಡ್ತೀನಿ, ನೀನು ಕೆಲಸ ನೋಡ್ಕೋ."

ಕೇಳಿದಾಗಲೆಲ್ಲ "ಬರ್ತಿದೆ, ಬರ್ತಿದೆ" ಎಂದು ಮೂಗಿಗೆ ತುಪ್ಪ ಸವರಿದ. ಅವಳು ನಂಬಿದಳು. ಒಗೆಯುತ್ತಲೇ ಇದ್ದಳು. ಮಗಳ ತುಟಿ ನೀಲಿಯಾಯಿತು.

ಹೊತ್ತುಕೊಂಡು ಓಡಿದಳು. ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ವರದಿಯಿಂದ ತಲೆ ಎತ್ತಲಿಲ್ಲ.

"ಎಲ್ಲಿ ಹೋಗಿದ್ದೆ ಇಷ್ಟು ದಿನ? ಶ್ವಾಸಕೋಶದ ರಕ್ತನಾಳಗಳು ಗಟ್ಟಿಯಾಗಿಬಿಟ್ಟಿವೆ. ಇನ್ನು ತೊಡೆಯಿಂದಲೂ ಆಗಲ್ಲ, ಎದೆ ತೆಗೆದ್ರೂ ಆಗಲ್ಲ. ಈಗ ತೂತು ಮುಚ್ಚಿದ್ರೆ ಮಗು ಉಳಿಯಲ್ಲ."

"ದೊಡ್ಡ ಛತ್ರಿ ಬರುತ್ತೆ ಅಂದ್ರಲ್ಲಮ್ಮಾ."

"ಯಾರಂದ್ರು? ಅಂಥದ್ದು ಯಾವುದೂ ಇಲ್ಲ."

ಮಗಳನ್ನು ಹೊತ್ತುಕೊಂಡೇ ಕೆಳಗಿಳಿದು ಕೇಳಿದಾಗ ಮೇಸ್ತ್ರಿ ಟೀ ಕುಡಿಯುತ್ತಿದ್ದ.

"ನಿನಗೆ ತಿಂಗಳು ರಜೆ ಕೊಟ್ಟಿದ್ರೆ ಬಟ್ಟೆ ಯಾರು ಒಗೀತಿದ್ರು? ಹೆದರಿದ್ದು ನೀನು. ನಾನೇನು ಕೈ ಹಿಡ್ಕೊಂಡಿದ್ನಾ?"

ಆ ಮಾತು ಅವಳ ಎದೆಗೆ ನಾಟಿತು, ಏಕೆಂದರೆ ಹೆದರಿದ್ದು ನಿಜ.

ಅವಳು ಹೋಗಿ ಯಂತ್ರ ನಿಲ್ಲಿಸಿದಳು. ನಡೆದದ್ದನ್ನು ಹೇಳಿದಳು. ಜೊತೆಯವರು ಒಬ್ಬೊಬ್ಬರೇ ತಮ್ಮ ಯಂತ್ರ ನಿಲ್ಲಿಸಿದರು. ಎಲ್ಲರಿಗಿಂತ ಹಿರಿಯಳು ಎದೆ ಸೀಳುವ ಕೋಣೆಯಿಂದ ಆಗಷ್ಟೇ ಬಂದ ಗಂಟನ್ನು ಎತ್ತಿ ಮೇಸ್ತ್ರಿಯ ಮೇಜಿನ ಮೇಲೆ ಬಿಚ್ಚಿದಳು. ಟೀ ಲೋಟ ಉರುಳಿತು.

"ಏನ್ರೇ ಇದು? ಮೇಲೆ ಆಪರೇಷನ್ನಿಗೆ ಮಕ್ಕಳು ಕಾಯ್ತಿದ್ದಾರೆ, ಚಾದರ ಬೇಕು."

"ಹೌದು, ಮಕ್ಕಳು," ಎಂದಳು ತಾಯಿ. "ತಡ ಮಾಡ್ಬೇಡ. ಒಗಿ."

ಬಾಗಿಲ ತುಂಬ ಹೆಂಗಸರು ನಿಂತಿದ್ದರು. ಯಾರೂ ಕದಲಲಿಲ್ಲ. ಮೇಸ್ತ್ರಿ ಅಂಗಿಯ ತೋಳು ಮಡಚಿ ಚಾದರವನ್ನು ತೊಟ್ಟಿಯಲ್ಲಿ ಅದ್ದಿದ. ಹಿಂಡುವಾಗ ಕೆಂಪು ನೀರು ಮೊಣಕೈವರೆಗೂ ಇಳಿಯಿತು. ಅವನು ಮುಖ ತಿರುಗಿಸಿದ.

"ನೋಡು," ಎಂದಳು ಅವಳು. ಸೊಂಟದ ಮೇಲೆ ಮಗಳು ಏದುಸಿರು ಬಿಡುತ್ತಿದ್ದಳು. "ನಾನು ಹೆದರಿದ್ದು ಇದಕ್ಕೆ."