ದೇವರ ಖೋಲಿಯ ಕುರ್ಚಿ

ಹಳಿಯಾಳದ ಆ ಮನೆಯಲ್ಲಿ ಇಂಟರ್ನೆಟ್ ಸರಿಯಾಗಿ ಸಿಗುತ್ತಿದ್ದದ್ದು ದೇವರ ಖೋಲಿಯಲ್ಲಿ ಮಾತ್ರ. ಸೊಸೆ ರಾಜಶ್ರೀ ಅಲ್ಲೇ ಮೇಜು, ಕುರ್ಚಿ ಹಾಕಿಕೊಂಡು ಹುಬ್ಬಳ್ಳಿಯ ಕಂಪನಿಯೊಂದರ ಗ್ರಾಹಕರ ಫೋನುಗಳಿಗೆ ಉತ್ತರ ಕೊಡುತ್ತಿದ್ದಳು. ಕೆಲಸ ಹೊಸದು. ಮೊದಲ ತಿಂಗಳು ರಜೆ ಹಾಕಿದರೆ ತೆಗೆದುಹಾಕುತ್ತೇವೆಂದು ಮೊದಲೇ ಹೇಳಿದ್ದರು.

ಎರಡನೇ ವಾರ ಅವಳು ಮುಟ್ಟಾದಳು. ಅತ್ತೆ ಹೊಳೆವ್ವ ಬಾಗಿಲಲ್ಲಿ ಬಂದು ನಿಂತಳು.

“ಎದ್ದು ಹೊರಗ ಬಾ. ಮೂರು ದಿನ ಈ ಖೋಲಿ ಮೆಟ್ಟಬ್ಯಾಡ.”

“ಎದ್ದರ ನೌಕರಿ ಹೋಗ್ತೈತ್ರಿ ಅತ್ತಿ.”

“ಹೋಗ್ಲಿ. ದೇವರಿಗಿಂತ ನೌಕರಿ ದೊಡ್ಡದೇನ?”

ರಾಜಶ್ರೀ ಕೊರಳ ದಾರ ಎಳೆದು ಇಷ್ಟಲಿಂಗದ ಕರಡಿಗೆ ತೋರಿಸಿದಳು. “ಇದು ನನ್ನ ಮೈಮ್ಯಾಲೆನ ಐತಿ. ಮುಟ್ಟಾದಾಗ ತಗದಿಡು ಅಂತ ಒಮ್ಮೆರೆ ಹೇಳೀರೇನ್ರಿ? ಇದಕ್ಕ ಆಗದ ಮೈಲಿಗಿ ಗ್ವಾಡಿ ಮ್ಯಾಲಿನ ಫೋಟೋಕ್ಕ ಹೆಂಗ ಆಗ್ತೈತಿ?”

ಹೊಳೆವ್ವನ ಕೈ ತನ್ನ ಕೊರಳಿಗೇ ಹೋಯಿತು. ಅವಳೂ ತನ್ನ ಲಿಂಗವನ್ನು ಎಂದೂ ತೆಗೆದಿಟ್ಟವಳಲ್ಲ. ಆದರೆ ಸೊಸೆಗೆ ಸೋಲುವುದು ಹೇಗೆ? ಗೋಡೆಯ ಫೋಟೋಗಳನ್ನು ಒಂದೊಂದಾಗಿ ಇಳಿಸಿ ಅಡುಗೆಮನೆಗೆ ಒಯ್ಯತೊಡಗಿದಳು.

“ನೀ ಏಳೂದಿಲ್ಲಂದ್ರ ದೇವರೇ ಹೊರಗ ಕುಂದರ್ಲಿ, ಮೂರು ದಿನ.”

ಫೋನು ಬಂತು. ರಾಜಶ್ರೀ ಖಾಲಿ ಗೋಡೆಗೆ ಬೆನ್ನು ಮಾಡಿ ಕೂತು ಎತ್ತಿಕೊಂಡಳು.