ಲೈಸೆನ್ಸ್ ಕೇಳುವ ಗಾಡಿ

ಹಳೆಯ ಗಾಡಿಯ ಬ್ಯಾಟರಿ ಕೈಕೊಟ್ಟ ದಿನ ವರ್ನಾ ಸ್ಟ್ರೌಡ್‌ಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು. ನಿವೃತ್ತರ ಊರಾದ ಪೆಲಿಕನ್ ರಿಜ್‌ನಲ್ಲಿ ಗಾಡಿ ಇಲ್ಲದವರ ಪಾಡೇನು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅಂಥವರು ಅಲ್ಲಿ ಇಲ್ಲ. ಔಷಧಿ ಅಂಗಡಿಗೆ, ಚರ್ಚಿಗೆ, ಈಜುಕೊಳಕ್ಕೆ, ಸಂಜೆ ನಾಲ್ಕಕ್ಕೇ ರಾತ್ರಿಯೂಟ ಬಡಿಸುವ ಕ್ಲಬ್ಬಿಗೆ, ಸಾವಾದ ಮನೆಗೆ ತಿಂಡಿಯ ಪಾತ್ರೆ ಒಯ್ಯುವುದಕ್ಕೆ, ಎಲ್ಲದಕ್ಕೂ ಗಾಲ್ಫ್ ಗಾಡಿಯೇ. ಗಾಲ್ಫ್ ಆಡುವವರನ್ನು ಮಾತ್ರ ಹುಡುಕಬೇಕು. ಫ್ಲಾರಿಡಾದ ಬಿಸಿಲಿನಲ್ಲಿ ಮುದುಕರು ಮುದುಕಿಯರು ತಮ್ಮ ತಮ್ಮ ಬಿಳಿ ಗಾಡಿಗಳಲ್ಲಿ ಸದ್ದಿಲ್ಲದೆ ಹೋಗುತ್ತ ಬರುತ್ತ, ಎದುರಾದವರಿಗೆಲ್ಲ ಕೈಯೆತ್ತುತ್ತ ಕಾಲ ಕಳೆಯುತ್ತಾರೆ.

ವರ್ನಾಳ ಗಂಡ ಡೆಲ್ಬರ್ಟ್ ಒಹಾಯೋದಲ್ಲಿ ಶಾಲಾ ಬಸ್ಸು ಓಡಿಸುತ್ತಿದ್ದವನು. ಮಂಜಿನಲ್ಲೂ ಹಿಮದಲ್ಲೂ ಊರಿನ ಮಕ್ಕಳನ್ನು ಶಾಲೆಗೆ ಮುಟ್ಟಿಸಿ, ಮತ್ತೆ ಮನೆಗೆ ಮುಟ್ಟಿಸಿ, ಬಸ್ಸಿಗೆ ಒಂದು ಗೀರೂ ಬೀಳದಂತೆ ನಿವೃತ್ತನಾದವನು. ಹೋದ ವಸಂತದಲ್ಲಿ ಡಾಕ್ಟರು ಅವನ ಮರೆವಿನ ವಿಷಯ ಸಾರಿಗೆ ಇಲಾಖೆಗೆ ಬರೆದು ಕಳಿಸಿದರು, ಅವನ ಲೈಸೆನ್ಸ್ ಹೋಯಿತು. ವರ್ನಾ ದೊಡ್ಡ ರಂಪವಾಗುತ್ತದೆಂದು ಹೆದರಿದ್ದಳು. ಹಾಗೇನೂ ಆಗಲಿಲ್ಲ. ಡೆಲ್ಬರ್ಟ್ ಅಂದೇ ಕಾರಿನ ಕೀಲಿ ತಂದು ಮೇಜಿನ ಮೇಲಿಟ್ಟು, ಲೈಸೆನ್ಸ್ ಇಲ್ಲದವನು ಚಕ್ರ ಮುಟ್ಟಬಾರದು ಎಂದ. ಕಾನೂನೆಂದರೆ ಅವನಿಗೆ ಬೈಬಲ್ಲಿಗಿಂತ ಒಂದು ಗೇಣು ಮೇಲೆಯೇ. ಲೈಸೆನ್ಸ್ ಇದ್ದರೂ ಹೆದ್ದಾರಿಗೆ ಹೆದರುವ ವರ್ನಾ ಕಾರನ್ನು ಮಾರಿಬಿಟ್ಟಳು.

ಆದರೆ ಗಾಲ್ಫ್ ಗಾಡಿಗೆ ಅಲ್ಲಿ ಲೈಸೆನ್ಸ್ ಬೇಡ. ಭಾವಚಿತ್ರವಿರುವ ಗುರುತಿನ ಚೀಟಿಯೊಂದು ಜೇಬಿನಲ್ಲಿದ್ದರೆ ಮುಗಿಯಿತು. ಡಾಕ್ಟರ ಮಾತು ಕಾರಿನ ತನಕ ತಲುಪಿತು, ಗಾಡಿಯ ತನಕ ತಲುಪಲಿಲ್ಲ. ಡೆಲ್ಬರ್ಟ್ ಬೆಳಿಗ್ಗೆ ಒಮ್ಮೆ ಹೊರಡುತ್ತಿದ್ದ, ಸಂಜೆ ಒಮ್ಮೆ ಹೊರಡುತ್ತಿದ್ದ. ಅವನು ಬರುವ ತನಕ ವರ್ನಾ ಅಡುಗೆಮನೆಯ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ನಾಯಿಯ ಪ್ರಸಂಗ ಆದದ್ದು ಆಗಲೇ. ಪೆಲಿಕನ್ ರಿಜ್‌ನಲ್ಲಿ ಒಂದೇ ಕಂಪನಿಯ ಗಾಡಿಗಳಿಗೆಲ್ಲ ಒಂದೇ ಕೀಲಿ. ನಿಮ್ಮ ಕೀಲಿಯಿಂದ ನನ್ನ ಗಾಡಿಯೂ ಹೊರಡುತ್ತದೆ. ಅಂಗಡಿಯ ಮುಂದೆ ನಿಂತ ಐವತ್ತು ಬಿಳಿ ಗಾಡಿಗಳಲ್ಲಿ ಯಾರದೋ ಗಾಡಿ ಹತ್ತಿ ಮನೆಗೆ ಬಂದುಬಿಡುವ ತಪ್ಪನ್ನು ಒಮ್ಮೆಯಾದರೂ ಮಾಡದವರು ಊರಲ್ಲಿಲ್ಲ. ಅದಕ್ಕೇ ಗುರುತಿಗೆಂದು ಗಾಡಿಯ ಕಂಬಕ್ಕೆ ಬಣ್ಣದ ಸ್ನಾನದ ಬ್ರಷ್ಷನ್ನೋ ಪ್ಲಾಸ್ಟಿಕ್ ಹೂವನ್ನೋ ಕಟ್ಟಿಕೊಳ್ಳುತ್ತಾರೆ. ಡೆಲ್ಬರ್ಟ್ ಕಟ್ಟಲಿಲ್ಲ, ಕಟ್ಟಲು ಬಿಡಲೂ ಇಲ್ಲ. ಒಂದು ದಿನ ಬ್ರೆಡ್ಡು ತರಲು ಹೋದವನು ಮಿಸೆಸ್ ಒಕ್ಸ್‌ಲಿಯ ಗಾಡಿಯಲ್ಲಿ ಮನೆಗೆ ಬಂದ. ಹಿಂದಿನ ಸೀಟಿನಲ್ಲಿ ಅವಳ ಪುಟ್ಟ ನಾಯಿ ಗಂಭೀರವಾಗಿ ಕುಳಿತಿತ್ತು.

ಊರಿಗೆ ಊರೇ ನಕ್ಕಿತು. ಮಿಸೆಸ್ ಒಕ್ಸ್‌ಲಿಯೂ ನಕ್ಕಳು, ಕ್ಲಬ್ಬಿನಲ್ಲಿ ಆ ಕಥೆಯನ್ನು ಡೆಲ್ಬರ್ಟನ ಬಾಯಿಂದಲೇ ಎರಡು ಸಲ ಹೇಳಿಸಿದರು. ತಪ್ಪು ಎಲ್ಲರದ್ದೂ ಆದಾಗ ರೋಗ ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ನಾ ಮಾತ್ರ ನಗುವಿನ ನಡುವೆ ತಣ್ಣನೆಯ ಚಹಾದ ಲೋಟ ಹಿಡಿದು ಕುಳಿತಿದ್ದಳು. ಅವನು ನಾಯಿಯನ್ನು ಎತ್ತಿ ಒಳಗೆ ತಂದು, "ಪೆನ್ನಿಗೆ ನೀರಿಡೇ, ಬಾಯಾರಿದೆ" ಎಂದದ್ದನ್ನು ಕೇಳಿದವಳು ಅವಳೊಬ್ಬಳೇ. ಪೆನ್ನಿ ಅವರ ಹಳೆಯ ನಾಯಿ. ಅದನ್ನು ಒಹಾಯೋದ ಹಿತ್ತಲಲ್ಲಿ ಮಣ್ಣು ಮಾಡಿ ಎಷ್ಟೋ ವರ್ಷವಾಗಿತ್ತು, ಗುಂಡಿ ತೋಡಿದವನು ಡೆಲ್ಬರ್ಟೇ.

ಅವಳಿಗೆ ಸಾಕಾಗಿತ್ತು. ಮರೆವಿಗಿಂತ ಹೆಚ್ಚಾಗಿ ಬೇಡ ಬೇಡ ಎನ್ನುವುದು ಸಾಕಾಗಿತ್ತು. ಏಣಿ ಹತ್ತಬೇಡ, ಒಲೆ ಹಚ್ಚಬೇಡ, ಫೋನಿನಲ್ಲಿ ಯಾರಿಗೋ ಬ್ಯಾಂಕಿನ ವಿಷಯ ಹೇಳಬೇಡ. ಐವತ್ತು ವರ್ಷ ಒಟ್ಟಿಗೆ ಬದುಕಿದ ಗಂಡನಿಗೆ ಕೊನೆಗೆ ಜೈಲು ಕಾಯುವವಳಾಗುವುದೆಂದರೆ ಏನೆಂದು ಆಗಿ ನೋಡಿದವರಿಗೇ ಗೊತ್ತು. ಗಾಡಿಯನ್ನೂ ಬೇಡ ಅಂದುಬಿಟ್ಟರೆ ಅವನಿಗೆ ಉಳಿಯುವುದೇನು, ಅನ್ನದಿದ್ದರೆ ಇವತ್ತಲ್ಲ ನಾಳೆ ಯಾರದಾದರೂ ಮೊಮ್ಮಗು ಚಕ್ರದಡಿ ಬಂದರೆ ಗತಿಯೇನು? ಬೆಕ್ಕಿನ ಕೊರಳಿಗೆ ಗಂಟೆ ಬೇರೆ ಯಾರಾದರೂ ಕಟ್ಟಲಿ ಎಂದು ಅವಳು ದೇವರನ್ನೂ ಕೇಳಿಕೊಂಡಿದ್ದಳು. ದೇವರು ಬ್ಯಾಟರಿ ಕೆಡಿಸಿಕೊಟ್ಟ, ಅಷ್ಟೆ.

ಹೊಸ ಗಾಡಿ ಕೊಳ್ಳಲೇಬೇಕಾಯಿತು. ಅಂಗಡಿಯ ಹೊಳಪು ಕಾಗದದ ಪುಸ್ತಿಕೆ ತಿರುವುವಾಗ ವರ್ನಾಳ ಕಣ್ಣು ಒಂದು ಕಡೆ ನಿಂತಿತು. ಗಾಡಿಗಳಲ್ಲಿ ಎರಡು ಜಾತಿ. ಗಂಟೆಗೆ ಇಪ್ಪತ್ತು ಮೈಲಿ ದಾಟದ ಮಾಮೂಲಿ ಗಾಡಿ ಒಂದು. ಇಪ್ಪತ್ತೈದರ ತನಕ ಓಡುವ, ಬೆಲ್ಟು, ನಂಬರ್ ಪ್ಲೇಟು, ಮಳೆ ಒರೆಸುವ ಕಡ್ಡಿ ಎಲ್ಲ ಇರುವ ರಸ್ತೆ ಗಾಡಿ ಇನ್ನೊಂದು. ರಸ್ತೆ ಗಾಡಿ ಕಾನೂನಿನ ಲೆಕ್ಕದಲ್ಲಿ ಕಾರಿನ ತಮ್ಮ, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಅದನ್ನೇ ಕೊಂಡರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಬೇಡ ಎನ್ನುವುದು ಕಾನೂನು, ತಾನಲ್ಲ. ವರ್ನಾ ಪುಸ್ತಿಕೆ ಮಡಚಿಟ್ಟು ಆವತ್ತು ಮಧ್ಯಾಹ್ನ ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಅಂಗಡಿಯವರೇ ವ್ಯಾನು ಕಳಿಸಿ ಕರೆಸಿಕೊಂಡರು. ಮಾರುವವನು ಲೈಲ್ ಪರ್ವಿಸ್ ಎಂಬ ಕೆಂಪು ಮುಖದ ಮನುಷ್ಯ, ನಾಲಗೆಗೆ ಎಣ್ಣೆ ಹಚ್ಚಿಕೊಂಡೇ ಹುಟ್ಟಿದವನು. ವರ್ನಾ ರಸ್ತೆ ಗಾಡಿಯ ಸುತ್ತ ಸುಳಿದು, ಬೆಲ್ಟು ಹಿಡಿದು ನೋಡಿ, ಬಾಗಿಲು ತೆಗೆದು ಹಾಕಿ, ಮಳೆಗಾಲಕ್ಕೆ ಇದೇ ವಾಸಿ ಎಂದಳು. ಲೈಲ್‌ಗೆ ಒಳಗುಟ್ಟು ಹೇಗೆ ಗೊತ್ತಾಗಬೇಕು? ಇವಳು ಏರಿಗೆಳೆದರೆ ಅವನು ನೀರಿಗೆಳೆದ.

"ನಿಮ್ಮಂಥೋರಿಗೆ ಮಾಮೂಲಿನೇ ಸರಿ ಮೇಡಂ. ಇನ್ಶೂರೆನ್ಸ್ ಕಾಟ ಇಲ್ಲ, ಲೈಸೆನ್ಸ್ ಕೇಳೋರಿಲ್ಲ. ಯಜಮಾನ್ರು ತೊಂಬತ್ತಾದ್ರೂ ಆರಾಮಾಗಿ ಓಡಿಸ್ಕೊಂಡಿರ್ತಾರೆ."

ಡೆಲ್ಬರ್ಟ್‌ನ ಮುಖ ಅರಳಿತು. ತನಗೂ ಅದೇ ಬೇಕು ಎಂದ. ಬ್ಯಾಟರಿ ಹಳೆಯ ಸೀಸದ್ದೋ ಹೊಸ ಲಿಥಿಯಮ್ಮೋ, ನೀರು ಹಾಕಬೇಕೋ ಬೇಡವೋ, ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ, ಬ್ರೇಕು ಎರಡು ಚಕ್ರಕ್ಕೋ ನಾಲ್ಕಕ್ಕೋ, ಹೀಗೆ ಒಂದೊಂದೇ ಕೇಳಿದ. ಕೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಬಗ್ಗಿ ಚಕ್ರ ಒತ್ತಿ ನೋಡುತ್ತಿದ್ದ ಗಂಡನ ಬೆನ್ನು ನೋಡುತ್ತ ವರ್ನಾ, ನಾನೇ ಅತಿ ಮಾಡುತ್ತಿದ್ದೇನೆಯೇ ಎಂದುಕೊಂಡಳು. ಅವಳ ಕಾಟವೇ ಇದು. ಮರೆವು ದಿನವಿಡೀ ಇದ್ದಿದ್ದರೆ ಅಭ್ಯಾಸವಾದರೂ ಆಗುತ್ತಿತ್ತು.

ಲೈಸೆನ್ಸ್ ಇಲ್ಲದವನಿಗೆ ರಸ್ತೆ ಗಾಡಿ ಕೊಡುವಂತಿಲ್ಲ. ಹಾಗಾಗಿ ಓಡಿಸಿ ನೋಡಲು ಲೈಲ್ ಮಾಮೂಲಿ ಗಾಡಿಯ ಕೀಲಿಯನ್ನೇ ಡೆಲ್ಬರ್ಟ್‌ನ ಅಂಗೈಗಿಟ್ಟ. ಕೆರೆ ಸುತ್ತಿ, ವೃತ್ತ ದಾಟಿ, ಗಾಡಿಗಳಿಗೆಂದೇ ಇರುವ ದಾರಿಯಲ್ಲಿ ಹೋಗಿ ಹಿಂತಿರುಗಿ ಎಂದ. ವರ್ನಾ ಪಕ್ಕದಲ್ಲಿ ಕುಳಿತಳು. ಗಾಡಿ ಬೆಣ್ಣೆಯಂತೆ ಹೊರಟಿತು. ಡೆಲ್ಬರ್ಟ್ ಕನ್ನಡಿ ಸರಿಪಡಿಸಿಕೊಂಡ, ತಿರುವಿಗೆ ಮೊದಲೇ ಸೂಚನೆ ಕೊಟ್ಟ, ದಾರಿ ದಾಟುತ್ತಿದ್ದ ಕೊಕ್ಕರೆಗೆ ನಿಂತು ದಾರಿ ಬಿಟ್ಟ. ಬಸ್ಸಿನ ಕಾಲದ ಹಳೇ ತಮಾಷೆಯೊಂದನ್ನೂ ಹೇಳಿದ, ವರ್ನಾ ನಕ್ಕಳು.

ವೃತ್ತ ಬಂತು. ಡೆಲ್ಬರ್ಟ್ ಒಂದು ಸುತ್ತು ಹಾಕಿದ. ಹೊರಬೀಳುವ ದಾರಿ ಹಿಂದೆ ಹೋಯಿತು. ಇನ್ನೊಂದು ಸುತ್ತು ಹಾಕಿದ. ಹಿಂದಿನ ಗಾಡಿಯವರು ತಮಾಷೆ ಎಂದುಕೊಂಡು ಕೈಬೀಸಿ ಹೋದರು. ಮೂರನೆಯ ಸುತ್ತಿಗೆ ಅವನ ತಮಾಷೆ ನಿಂತಿತ್ತು. ವರ್ನಾಳ ನಾಲಗೆಯ ತುದಿಗೆ ಬಂದಿತ್ತು, ಬಲಕ್ಕೆ ತಿರುಗು ಎಂದು. ಹೇಳಲಿಲ್ಲ. ಅದೇಕೆ ಹೇಳಲಿಲ್ಲವೆಂದರೆ, ಅವನು ದಾರಿ ತಪ್ಪುವುದೇ ಆಗ ಅವಳಿಗೆ ಬೇಕಾಗಿತ್ತು. ತನಗೆ ಅದು ಬೇಕಾಗಿದೆ ಎಂದು ಗೊತ್ತಾದ ಗಳಿಗೆಯಲ್ಲಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಡೆಲ್ಬರ್ಟ್ ಗಾಡಿಯನ್ನು ಹುಲ್ಲಿನ ಅಂಚಿಗೆ ತಂದು ನೀಟಾಗಿ ನಿಲ್ಲಿಸಿ, ಕೈಬ್ರೇಕ್ ಎಳೆದ. ಎರಡೂ ಕೈ ಸ್ಟೀರಿಂಗ್ ಮೇಲೆಯೇ ಇದ್ದವು.

"ವರ್ನಾ, ನಾವೀಗ ಎಲ್ಲಿಗೆ ಹೋಗ್ಬೇಕಿತ್ತು?"

"ಅಂಗಡಿಗೆ ವಾಪಸ್. ಲೈಲ್ ಕಾಯ್ತಿದಾನೆ."

ಅವನು ತಲೆಯಾಡಿಸಿದ. ನಾಲ್ಕು ದಾರಿಗಳೂ ಅವನ ಎದುರಿಗೇ ಇದ್ದವು, ನಾಲ್ಕರಲ್ಲೂ ಬಿಳಿ ಗಾಡಿಗಳು ಬರುತ್ತಿದ್ದವು. ಆಮೇಲೆ ಮೆಲ್ಲಗೆ ಇಳಿದು, ಗಾಡಿಯ ಮುಂಭಾಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಸುತ್ತಿ ಬಂದು, ವರ್ನಾಳ ಪಕ್ಕದಲ್ಲಿ ನಿಂತ.

"ಆ ಕಡೆ ಸರಿ" ಎಂದ.

ಅವಳು ಸರಿದಳು. ಅಂಗಡಿಯ ತನಕ ಗಾಡಿ ಓಡಿಸಿದವಳು ಅವಳೇ. ಲೈಲ್ ಕೈ ಉಜ್ಜಿಕೊಳ್ಳುತ್ತ ಬಂದು ಹೇಗಿತ್ತು ಎಂದು ಕೇಳಿದಾಗ, ಉತ್ತರ ಕೊಟ್ಟವನು ಡೆಲ್ಬರ್ಟ್. ಗಾಡಿ ಚೆನ್ನಾಗಿದೆ, ಆದರೆ ತಮಗೆ ಇನ್ನೊಂದು ಬೇಕು ಎಂದ. ಲೈಲ್ ಗಲಿಬಿಲಿಗೊಂಡು ಅದಕ್ಕೆ ಲೈಸೆನ್ಸ್ ಬೇಕೆಂದು ಮತ್ತೆ ಹೇಳಿದ.

"ಗೊತ್ತಪ್ಪಾ. ಇವಳ ಹತ್ರ ಇದೆ."

ತಾತ್ಕಾಲಿಕ ನಂಬರ್ ಅಂಟಿಸಿಕೊಂಡು ರಸ್ತೆ ಗಾಡಿಯಲ್ಲೇ ಇಬ್ಬರೂ ಮನೆಗೆ ಹೊರಟರು. ವರ್ನಾಗೆ ಬೇಕಾದದ್ದು ಸಿಕ್ಕಿತ್ತು, ಬಯಸಿದ್ದಕ್ಕಿಂತ ಸಲೀಸಾಗಿ ಸಿಕ್ಕಿತ್ತು. ಆದರೂ ಅರ್ಧ ದಾರಿಯಲ್ಲಿ, ಕೆಂಪು ದೀಪಕ್ಕೆ ನಿಂತಾಗ, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ತಾನು ಮನೆಯಲ್ಲೇ ಈ ಗಾಡಿಯನ್ನು ಆರಿಸಿಟ್ಟಿದ್ದೆ, ಅವನಿಗೆ ಓಡಿಸಲು ಆಗದಿರಲಿ ಎಂದೇ ಆರಿಸಿದ್ದೆ ಎಂದಳು.

"ಮತ್ತೆ ಸುಮ್ನೆ ಹೇಳ್ಬಾರ್ದಿತ್ತೇನೆ? ಇಷ್ಟೆಲ್ಲ ಯಾಕೆ ಸುತ್ತಾಡಿಸ್ದೆ?"

"ಎಷ್ಟು ಸಲ ಅಂತ ಬೇಡ ಅನ್ಲಿ ಡೆಲ್ಬರ್ಟ್? ಸುಸ್ತಾಗಿದೆ ನಂಗೆ. ಈ ಸಲ ಕಾನೂನೇ ಹೇಳ್ಲಿ ಅಂದ್ಕೊಂಡೆ."

ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಗಾಡಿ ಹೊರಟ ಮೇಲೆ ಡೆಲ್ಬರ್ಟ್ ಅವಳ ಮೊಣಕಾಲ ಮೇಲೆ ಕೈಯಿಟ್ಟ.

"ಕೇಳಿಲ್ಲಿ. ಈಗ ನನ್ನ ತಲೆ ಸರಿ ಇದೆ, ಅದಕ್ಕೆ ಹೇಳ್ತಿದೀನಿ. ಇವತ್ತಿನದು ನಾಳೆ ನಂಗೆ ನೆನಪಿರಲ್ಲ. ಲೈಸೆನ್ಸ್ ಹೋಗಿದ್ದೂ ನೆನಪಿರಲ್ಲ. ಕಾನೂನು ನೆನಪಿದ್ರೆ ತಾನೇ ಕಣೇ ಕಾನೂನು? ಕೀಲಿ ಕೇಳ್ತೀನಿ. ಕೊಡ್ಬೇಡ. ಬೈದ್ರೂ ಕೊಡ್ಬೇಡ."

ವರ್ನಾಗೆ ಮನೆ ಬರುವ ತನಕ ರಸ್ತೆ ಮಂಜುಮಂಜಾಗಿ ಕಂಡಿತು, ಅವಳು ಕಣ್ಣೊರೆಸಿಕೊಂಡು ಒರೆಸಿಕೊಂಡು ಓಡಿಸಿದಳು. ಅವನು, ತಿರುವಿನಲ್ಲಿ ಇಷ್ಟು ಬೇಗ ಬ್ರೇಕ್ ಒತ್ತಬಾರದು, ಹಿಂದೆ ಕೂತ ಮಕ್ಕಳು ಮುಗ್ಗರಿಸುತ್ತಾರೆ ಎಂದ.

ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿದು ಡೆಲ್ಬರ್ಟ್ ಟೋಪಿ ಹಾಕಿಕೊಂಡ. ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಸುತ್ತಿ ನೋಡಿ, ಬಂದು ಕೈಚಾಚಿದ. ಗಾಡಿ ಚೆನ್ನಾಗಿದೆ, ಒಂದು ಸುತ್ತು ಹೋಗಿ ಬರುತ್ತೇನೆ, ಕೀಲಿ ಕೊಡು ಎಂದ. ವರ್ನಾ ಆಗುವುದಿಲ್ಲ ಎಂದಳು. ಅವನು ಮೊದಲು ನಕ್ಕ, ಆಮೇಲೆ ಅವನ ಕತ್ತು ಕೆಂಪಾಯಿತು. ಹಿಮದಲ್ಲಿ ಬಸ್ಸು ಓಡಿಸಿದವನು ನಾನು, ನನಗೆ ಈ ಆಟಿಕೆ ಓಡಿಸಲು ಬರುವುದಿಲ್ಲವೇ ಎಂದು ಕೂಗಿದ. ನೀನು ಯಾವಾಗ ಇಷ್ಟು ಕೆಟ್ಟವಳಾದೆ ಎಂದೂ ಕೇಳಿದ.

"ಓಡಿಸ್ಬಾರ್ದು ಅಂತ ಹೇಳಿದ್ಯಾರು? ಅದನ್ನ ಹೇಳು ಮೊದ್ಲು."

ಡಾಕ್ಟರು ಎನ್ನಬಹುದಿತ್ತು. ಕಾನೂನು ಎನ್ನಬಹುದಿತ್ತು. ನಿನ್ನೆ ನೀನೇ ಹೇಳಿದೆ ಎಂದರೂ ಅದು ಸುಳ್ಳಾಗುತ್ತಿರಲಿಲ್ಲ, ಆದರೆ ನಂಬದೆ ಅವನು ಇನ್ನಷ್ಟು ಹೆದರುತ್ತಿದ್ದ. ವರ್ನಾ ಕುರ್ಚಿ ಎಳೆದುಕೊಂಡು ಕುಳಿತಳು.

"ನಾನು" ಎಂದಳು.