ಪಟ್ಟಿಯಲ್ಲಿಲ್ಲದ ಜೋಳ

ಬಿಸಿ ಬೋಗುಣಿಯಲ್ಲಿ ಜೋಳ ಅರಳುವಾಗ ಮೊದಲು ಸುಟ್ಟ ಹೊಟ್ಟಿನ ವಾಸನೆ ಬರುತ್ತದೆ, ಆಮೇಲೆ ಹಾಲು ಕಾಯಿಸಿದಂಥದ್ದು. ಕೋಟನೂರಿನ ಮನೆಯಲ್ಲಿ ಅಜ್ಜಿ ರಮಾಬಾಯಿ ಅಳ್ಳು ಹುರಿಯುತ್ತಿದ್ದ ದಿನಗಳ ಆ ವಾಸನೆಯನ್ನು ಪಂಚಶೀಲಾ ಮರೆತಿರಲಿಲ್ಲ. ಅವಳು ಹಟ ಹಿಡಿದದ್ದೂ ಅದಕ್ಕೇ.

ಸೇಡಂ ರಸ್ತೆಯ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಅವಳ ಕೆಲಸ. ಕಮಲಾಪುರದ ಬೀಜ ಸಂಗ್ರಹ ಕೇಂದ್ರಕ್ಕೆ ಅವರು ಒಂದು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದರು. ರೈತರು ತಂದ ಜೋಳದ ತಳಿಯನ್ನು ಪಟ್ಟಿಯಿಂದ ಆರಿಸಬೇಕು. ಪಟ್ಟಿಯಲ್ಲಿ ಹನ್ನೆರಡು ಹೆಸರು, ಅಜ್ಜಿ ಹುರಿಯುತ್ತಿದ್ದ ಅಳ್ಳಿನ ಜೋಳ ಅದರಲ್ಲಿಲ್ಲ. ಇಲ್ಲದ ಹೆಸರನ್ನು ಅಲ್ಲೇ ಬರೆಯಲೂ ಬರಬೇಕೆಂದು ವಾದಿಸಿ, ಮುಟ್ಟಿದರೆ ಕೆಳಗೆ ತೆರೆದುಕೊಳ್ಳುವ ಆ ಡ್ರಾಪ್‌ಡೌನ್ ಪಟ್ಟಿಯನ್ನು ಅವಳೇ ಕಟ್ಟಿದ್ದಳು.

ಆದರೆ ಕಮಲಾಪುರದಲ್ಲಿ ಏನು ಬರೆದರೂ ಅದು ಪಟ್ಟಿಯಲ್ಲಿದ್ದ 'ಮಾಲದಂಡಿ' ತಳಿಯೇ ಆಗುತ್ತಿತ್ತು.

ಮೂರು ದಿನ ಪಂಚಶೀಲಾಗೆ ತಲೆಬುಡ ತಿಳಿಯಲಿಲ್ಲ. ಆಫೀಸಿನಲ್ಲಿ ನೂರು ಸಲ ಬರೆದಳು, ನೂರು ಸಲವೂ ಸರಿಯಾಗಿ ಕೂತಿತು. ಕೇಂದ್ರದ ಸಾಬಮ್ಮನಿಗೆ ಫೋನ್ ಮಾಡಿದರೆ, "ನಾ ಬರದದ್ದು ಬರೋಬರಿ ಅದರೀ ಬಾಯಿ. ಸಂಜಿಗಿ ನೋಡಿದ್ರ ಎಲ್ಲಾ ಮಾಲದಂಡಿ ಆಗಿರ್ತಾವ" ಎಂಬ ಉತ್ತರ.

"ಬರಿಯೋದು ಬಂದ್ ಮಾಡಿಬಿಡು," ಎಂದರು ಆಫೀಸಿನ ಯಜಮಾನ ಅಮರನಾಥ. "ಹನ್ನೆರಡು ಹೆಸರು ಸಾಕು. ನಿಮ್ಮಜ್ಜಿ ಬೋಗುಣಿ ಸಲುವಾಗಿ ನಾ ಆಫೀಸ್ ಇಟ್ಟಿಲ್ಲ."

"ಸಂಜಿ ತನಕ ಟೈಮ್ ಕೊಡ್ರಿ ಸರ್."

"ಸಂಜಿ ತನಕ. ಆಮ್ಯಾಲ ಬಂದ್."

ಮಹಾಗಾಂವ ದಾಟಿ ಬಸ್ಸು ಕಮಲಾಪುರ ಮುಟ್ಟುವವರೆಗೂ ಅವಳು ಕೋಡಿನ ಸಾಲುಗಳನ್ನೇ ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದಳು. ತಪ್ಪು ಎಲ್ಲಿಯೂ ಕಾಣಲಿಲ್ಲ.

ಕೇಂದ್ರದಲ್ಲಿ ಸಾಬಮ್ಮ ಮೇಜಿನ ಮೇಲೆ ಟ್ಯಾಬ್ ಇಟ್ಟುಕೊಂಡು ಕೂತಿದ್ದಳು. ಎದುರಿಗೆ ಮರೆಮ್ಮ ಎಂಬ ಮುದುಕಿ, ಕಾಲ ಬಳಿ ಸಣ್ಣ ಚೀಲ.

"ಯಾವ ಜ್ವಾಳ ಯವ್ವಾ?"

"ಅಳ್ಳಿಂದು. ಇನ್ಯಾವ್ದು ತರಲಿ ನಿನಗ?"

ಸಾಬಮ್ಮ ಒಂದೊಂದೇ ಅಕ್ಷರ ಹುಡುಕಿ 'ಅಳ್ಳಿನ ಜೋಳ' ಎಂದು ಬರೆದಳು. ಪಂಚಶೀಲಾ ಬಗ್ಗಿ ನೋಡಿದಳು. ಎಲ್ಲ ಸರಿ ಇತ್ತು. ಆಗ ಸಾಬಮ್ಮ ಟ್ಯಾಬನ್ನು ಮುದುಕಿಯ ಕಡೆ ತಿರುಗಿಸಿದಳು. ಮರೆಮ್ಮ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು, ತಾನು ತಂದ ಜೋಳದ ಹೆಸರಿನ ಕೆಳಗೆ ಭದ್ರವಾಗಿ ಒತ್ತಿದಳು.

ಆ ಹೆಸರಿನ ಕೆಳಗೆ ಪಟ್ಟಿ ತೆರೆದೇ ಇತ್ತು. ಮೊದಲ ಸಾಲು, ಮಾಲದಂಡಿ.

"ಹೆಬ್ಬಟ್ಟು ಯಾಕ್ರೀ?" ಪಂಚಶೀಲಾ ಕೇಳಿದಳು.

"ಅವ್ರ ಮಾಲು, ಅವ್ರು ಒಪ್ಪಬೇಕಲ್ರೀ. ಹಿಂದಿನ ಬುಕ್ಕಿನಾಗ ಶಾಯಿ ಹಚ್ಚಿ ಒತ್ತತಿದ್ರು. ನಿಮ್ದು ಚೊಲೊ ಆಗ್ಯಾದ, ಬಟ್ಟು ಇಟ್ರ ತಾನೇ ಸೇವ್ ಆಗ್ತದ."

ಪಂಚಶೀಲಾ ಸ್ಟೂಲು ಎಳೆದುಕೊಂಡು ಕೂತಳು. ಬರೆದ ಹೆಸರು ಪಟ್ಟಿಗೆ ಹೊಂದದಿದ್ದರೆ ಜನ ಗಾಬರಿಯಾಗಬಾರದೆಂದು ಇಡೀ ಪಟ್ಟಿ ಮತ್ತೆ ತೆರೆಯುವಂತೆ ಮಾಡಿದವಳು ಅವಳೇ. ಮುಟ್ಟಿದ ಸಾಲು ಕೂಡಲೇ ಸೇವ್ ಆಗುವಂತೆ ಮಾಡಿದವಳೂ ಅವಳೇ. ಆಫೀಸಿನಲ್ಲಿ ಅವಳು ಎಂಟರ್ ಒತ್ತಿದ್ದಳೇ ಹೊರತು ಹೆಬ್ಬೆಟ್ಟು ಇಟ್ಟಿರಲಿಲ್ಲ.

ಅಮರನಾಥರಿಗೆ ಫೋನಿನಲ್ಲಿ ಎಲ್ಲ ಹೇಳಿದಳು. "ಬಟ್ಟು ಹಚ್ಚಬ್ಯಾಡ್ರಿ ಅಂತ ಹೇಳು, ಮುಗೀತು," ಎಂದರು.

ಅವಳು ಮರೆಮ್ಮನ ಕಡೆ ನೋಡಿದಳು. ಮುದುಕಿ ತನ್ನ ಹೆಬ್ಬೆಟ್ಟನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ನನ್ನ ಬಟ್ಟಿಂದ ಏನರ ಕೆಟ್ತೇನು ಮಗಳೇ?"

"ಇಲ್ಲ ಆಯಿ. ನಿಮ್ಮ ಬಟ್ಟಿಗಿ ನಾ ಜಾಗಾ ಇಟ್ಟಿದ್ದಿಲ್ಲ, ಅಷ್ಟೇ."

ಲ್ಯಾಪ್‌ಟಾಪ್ ತೆರೆದಳು. ಬರೆದ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಪಟ್ಟಿ ಮುಚ್ಚಬೇಕು. ಆ ಜಾಗದಲ್ಲಿ ಹೆಬ್ಬೆಟ್ಟಿನಷ್ಟು ಅಗಲದ ಒಂದು ಬಟನ್, 'ಒಪ್ಪಿದೆ' ಎಂದು. ಎರಡು ಸಲ ಕೆಟ್ಟಿತು. ಮೂರನೆಯ ಸಲ ಸಾಬಮ್ಮ ಮತ್ತೆ ಬರೆದಳು, ಮರೆಮ್ಮ ಮತ್ತೆ ಸೆರಗಿಗೆ ಒರೆಸಿ ಒತ್ತಿದಳು. ಅಳ್ಳಿನ ಜೋಳ, ಅಳ್ಳಿನ ಜೋಳವಾಗಿಯೇ ಉಳಿಯಿತು.

"ಹಿಂದ ಮಾಲದಂಡಿ ಆಗಿಬಿಟ್ಟ ನಲವತ್ತೊಂದು ಹೆಸರು?" ಪಂಚಶೀಲಾಗೆ ಮತ್ತೆ ದಿಗಿಲು.

"ಒಂದೊಂದು ಚೀಲದಾಗ ಚೀಟಿ ಬರದು ಹಾಕೀನ್ರೀ. ನಿಮ್ಮ ಟ್ಯಾಬ್ ನಂಬಿ ಕೂಡ್ತೀನೇನು?"

ಚೀಟಿ ನೋಡಿ ಹೆಸರು ತಿದ್ದಲು ಪಂಚಶೀಲಾ ನಗುತ್ತಾ ಮೊದಲ ಚೀಲದ ಬಾಯಿ ಬಿಚ್ಚಿದಳು. ಊಟದ ಹೊತ್ತು ಯಾವಾಗಲೋ ದಾಟಿತ್ತು. ಮರೆಮ್ಮ ಊರಿಗೆ ಹೋಗುವ ಟೆಂಪೊ ಬಿಟ್ಟು ಅಲ್ಲೇ ಕೂತಿದ್ದಳು. ಮಡಿಲಲ್ಲಿದ್ದ ಬುತ್ತಿಗಂಟು ಬಿಚ್ಚಿ, ಎರಡು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಪಂಚಶೀಲಾಳ ಕೈಗಿಟ್ಟಳು.